ಸತ್ತವಳ ಒಂಬತ್ತು ಗಂಟೆಯ ಪೋಸ್ಟ್

ಸೋಪಕ್ಕ ಸತ್ತು ಬಿದ್ದಿದ್ದಳು. ತಾನೇ ಸೋಪು ಕಾಯಿಸಿ ಮಾರುತ್ತಿದ್ದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮೇಜಿನ ಪಕ್ಕ, ಬೋರಲಾಗಿ. ತಲೆಯ ಹಿಂದೆ ಬಲವಾದ ಪೆಟ್ಟು. ಎರಡೂ ಕೈಗೆ ಮೊಣಕೈವರೆಗೆ ರಬ್ಬರ್ ಗ್ಲೌಸ್. ಶುಕ್ರವಾರ ಬೆಳಿಗ್ಗೆ ಬೀಗ ತೆಗೆದು ಮೊದಲು ನೋಡಿದವಳು ಅವಳ ತಂಗಿ.

ಇನ್ಸ್‌ಪೆಕ್ಟರ್ ಮೇಡಂ ಹೆಣದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಸರಿಯಾಗಿ ಒಂಬತ್ತಕ್ಕೆ, ಸ್ಟೇಷನ್ನಿನಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುವ ಕಾನ್ಸ್‌ಟೇಬಲ್ಲಿನ ಜೇಬಿನಲ್ಲಿ ಫೋನು ಟಿಣ್ ಎಂದಿತು. ಅವನು ಈ ಅಂಗಡಿಯ ಪೇಜನ್ನು ಫಾಲೋ ಮಾಡುತ್ತಿದ್ದ. ಹೆಂಡತಿಯ ಅಪ್ಪಣೆ, ಮೀರುವ ಹಾಗಿಲ್ಲ.

"ಮೇಡಂ..." ಮೀಸೆ ಫೋನು ಮುಂದೆ ಹಿಡಿದ. "ಇವ್ರು ಪೋಸ್ಟ್ ಹಾಕಿದಾರೆ. ಈಗ."

ಫೋಟೋದಲ್ಲಿ ಎರಡು ಕೈ, ಕಿಟಕಿಯ ಬೆಳಕು, ಅಂಗೈ ಮೇಲೊಂದು ಸೋಪು. ಕೆಳಗೆ ಬರಹ: "ಶುಭೋದಯ! ಈಗಷ್ಟೇ ಕತ್ತರಿಸಿದೆ. ಯಾರಿಗೆ ಬೇಕು?"

ಮೀಸೆ ಪೇಜಿಗೆ ಮೆಸೇಜು ಕಳಿಸಿದ: "ಯಾರು ನೀವು?"

ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. "ನಾನಿಲ್ಲೇ ಇದೀನಿ. ಸ್ವಲ್ಪ ಹೊತ್ತಲ್ಲಿ ನಿಮ್ಮ ಹತ್ರ ಬರ್ತೀನಿ."

ಫೋನು ಅವನ ಕೈಯಿಂದ ಜಾರಿತು. ಮೇಡಂ ಹೆದರುವ ಪೈಕಿ ಅಲ್ಲ. ಆದರೂ ಅವರ ಕಣ್ಣು ಒಮ್ಮೆ ಆ ಗ್ಲೌಸಿನ ಕೈಗಳ ಮೇಲೆ ಹೋಗಿ ಬಂತು. ಅವು ಅಲುಗಿರಲಿಲ್ಲ.

* * *

ಕೋಣೆ ಮುಚ್ಚಿತ್ತು, ಹೀಟರ್ ಆರಿಸಿರಲಿಲ್ಲ, ಹೆಣ ಬೆಚ್ಚಗೇ ಉಳಿದಿತ್ತು. "ಒಂದು ದಿನ ಆಗಿರಬಹುದು, ಎರಡೂ ಆಗಿರಬಹುದು," ಎಂದು ಡಾಕ್ಟರು ಕೈ ತೊಳೆದುಕೊಂಡರು. ಗ್ಲೌಸ್ ಬಿಚ್ಚಿದಾಗ ಬಲಗೈಗೆ ಮಣಿಕಟ್ಟಿನವರೆಗೆ ಬ್ಯಾಂಡೇಜು ಕಂಡಿತು.

ಸಮಯ ಹೇಳಿದವನು ಸೆಂಟಣ್ಣ. ಸೋಪಿಗೆ ಸುಗಂಧದ ಎಣ್ಣೆ ಕೊಡುವ ಪಕ್ಕದ ಬೀದಿಯ ವ್ಯಾಪಾರಿ.

"ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಮಾತಾಡಿಸಿದೆ ಮೇಡಂ. ಕಿಟಕಿ ಹತ್ರ ಸೋಪಿಗೆ ನೀಲಿ ದಾರ ಕಟ್ತಿದ್ರು. ಆಮೇಲೆ ನಾನು ನಮ್ಮತ್ತೆ ಕಣ್ಣಿನ ಆಪರೇಷನ್ ಅಂತ ಇಡೀ ದಿನ ಆಸ್ಪತ್ರೇಲಿದ್ದೆ."

ಅಂದರೆ ಕೊಲೆ ಗುರುವಾರ ಒಂಬತ್ತೂವರೆಯ ನಂತರ. ಗುರುವಾರ ಮಧ್ಯಾಹ್ನ ತಂಗಿ ಅಂಗಡಿ ಬಾಗಿಲು ಬಡಿಯುತ್ತಿದ್ದುದನ್ನು ಬೀದಿಯೇ ನೋಡಿತ್ತು. ಹಿಂದಿನ ವಾರ ಅಕ್ಕತಂಗಿಯರ ಜಗಳವೂ ಬೀದಿಗೆ ಕೇಳಿತ್ತು. ಪೇಜಿನ ಪಾಸ್‌ವರ್ಡ್ ಬೇರೆ ಅವಳೊಬ್ಬಳಿಗೇ ಗೊತ್ತು.

"ಇನ್ನೇನು ಬೇಕ್ರೀ? ಸಂಜೆಯೊಳಗೆ ಕೇಸು ಹಾಕಿ," ಎಂದು ಮೇಲಿನ ಸಾಹೇಬರು ಫೋನಿನಲ್ಲೇ ಗುಡುಗಿದರು.

ತಂಗಿ ಸ್ಟೇಷನ್ನಿನ ಬೆಂಚಿನ ಮೇಲಿದ್ದಳು. ಮಡಿಲಲ್ಲಿ ಎಂಟು ತಿಂಗಳ ಕೂಸು. ಇವಳು ಒಳಗೆ ಹೋದರೆ ಅದಕ್ಕೆ ಬೇರೆ ಗತಿಯಿಲ್ಲ. ಇದ್ದ ಒಬ್ಬಳೇ ದೊಡ್ಡಮ್ಮ ಶವಾಗಾರದಲ್ಲಿ.

* * *

ಮೇಡಂ ಮತ್ತೆ ಅಂಗಡಿಗೆ ಬಂದರು. ಗೋಡೆಗೆ ಒಂದು ಹಾಳೆ ಅಂಟಿಸಿತ್ತು. ಸಣ್ಣ ಅಂಗಡಿಯವರಿಗೆ ವ್ಯಾಪಾರ ಹೇಳಿಕೊಡುವ ಕ್ಲಾಸಿನಲ್ಲಿ ಸೋಪಕ್ಕ ಬರೆದುಕೊಂಡಿದ್ದು.

"ವಾರದ ಫೋಟೋ ಎಲ್ಲಾ ಸೋಮವಾರವೇ ತೆಗಿ. ಕಿಟಕಿ ಬೆಳಕೇ ಸಾಕು. ಕೆಲಸ ಮಾಡೋ ಕೈ ತೋರಿಸು, ಜನ ನಂಬ್ತಾರೆ. ಕೇಳಿದವರಿಗೆ ತಕ್ಷಣ ಉತ್ತರ ಹೋಗ್ಬೇಕು. ತಪ್ಪಾದ್ರೆ ಬೇರೆಯವರ ಬಾಯಿಂದ ಬರೋ ಮೊದಲು ನೀನೇ ಹೇಳು."

ಸೋಮವಾರ! ಮೇಡಂ ಸ್ಟೇಷನ್ನಿಗೆ ಓಡಿದರು.

"ಈ ಪೋಸ್ಟ್ ಯಾರಮ್ಮ ಹಾಕೋದು?"

"ಯಾರೂ ಇಲ್ಲ ಮೇಡಂ. ಅಕ್ಕ ಮೊದಲೇ ದಿನ, ಟೈಮು ಕೊಟ್ಟು ಇಟ್ಟಿರ್ತಾಳೆ. ಒಂಬತ್ತಕ್ಕೆ ತಾನಾಗೇ ಹೋಗತ್ತೆ. ಮೆಸೇಜಿಗೆ ಮೊದಲ ಉತ್ತರಾನೂ ಅಷ್ಟೇ." ತಂಗಿ ಮೂಗು ಒರೆಸಿಕೊಂಡಳು. "ಗುರುವಾರ ನಾನು ಕೀಲಿ ಮರೆತು ಹೋಗಿದ್ದೆ. ಬಾಗಿಲು ತೆಗೀಲಿಲ್ಲ. ಇನ್ನೂ ಮುನಿಸ್ಕೊಂಡಿದಾಳೆ ಅಂದ್ಕೊಂಡು ವಾಪಸ್ ಬಂದ್ಬಿಟ್ಟೆ."

"ಕೈಗೆ ಬ್ಯಾಂಡೇಜು?"

"ಬುಧವಾರ ಬೆಳಿಗ್ಗೆ ಸೋಪಿಗೆ ಹಾಕೋ ಕಾಸ್ಟಿಕ್ ಸೋಡಾ ಚೆಲ್ಲಿ ಸುಟ್ಕೊಂಡ್ಳು. ಬ್ಯಾಂಡೇಜು ಒದ್ದೆ ಆಗ್ಬಾರ್ದು ಅಂತ ಮೇಲೆ ಗ್ಲೌಸು."

ಮೆಡಿಕಲ್ ಶಾಪಿನವನೂ ಹೌದೆಂದ. ಬುಧವಾರ ಹತ್ತು ಗಂಟೆಗೆ ಬ್ಯಾಂಡೇಜು ಕಟ್ಟಿದ್ದು ಅವನೇ.

ತಂಗಿ ತನ್ನ ಫೋನಿನಲ್ಲಿ ಪೇಜು ತೆರೆದಳು. ಗುರುವಾರದ ಫೋಟೋದಲ್ಲಿ ಎರಡು ಬರಿಗೈ ಸೋಪಿಗೆ ನೀಲಿ ದಾರ ಕಟ್ಟುತ್ತಿದ್ದವು. ಇನ್ನೊಂದು ಪೋಸ್ಟ್ ಸರದಿಯಲ್ಲಿ ಕಾಯುತ್ತಿತ್ತು. ಬುಧವಾರ ಮಧ್ಯಾಹ್ನ ಬರೆದದ್ದು. ಹೋಗಬೇಕಾದ್ದು ಶನಿವಾರ. ಮೇಡಂ ಅದನ್ನು ಎರಡು ಸಲ ಓದಿದರು.

* * *

ಸೆಂಟಣ್ಣ ತನ್ನ ಬಾಟಲಿಗಳ ನಡುವೆ ಕೂತಿದ್ದ. ಕಣ್ಣು ಕೆಂಡದ ಹಾಗೆ ಕೆಂಪು.

"ಗುರುವಾರ ನೋಡಿದಾಗ ಅವಳ ಬಲಗೈ ಹೇಗಿತ್ತು?"

"ಹೇಗಿತ್ತು ಅಂದ್ರೆ? ಚೆನ್ನಾಗೇ ಇತ್ತು. ಬರಿಗೈಲಿ ದಾರ ಕಟ್ತಿದ್ರು. ದೇವರಾಣೆ, ಕಣ್ಣಾರೆ ನೋಡಿದೀನಿ."

"ದೇವರನ್ನ ಯಾಕೆ ಎಳೀತೀರಿ? ಬುಧವಾರ ಬೆಳಿಗ್ಗೇನೇ ಆ ಕೈ ಸುಟ್ಟಿತ್ತು. ಗ್ಲೌಸಿನೊಳಗೆ ಬ್ಯಾಂಡೇಜಿತ್ತು, ನಿಮಗೆ ಕಾಣಲಿಲ್ಲ. ನೀಲಿ ದಾರ ಇದ್ದಿದ್ದು ಗುರುವಾರದ ಪೋಸ್ಟಲ್ಲಿ. ಆ ಫೋಟೋ ತೆಗೆದಿದ್ದು ಸೋಮವಾರ. ನೀವು ನೋಡಿದ್ದು ಅವಳನ್ನಲ್ಲ, ಫೋನನ್ನ."

ಸೆಂಟಣ್ಣ ತಲೆಯೆತ್ತಿದ. "ಸೋಮವಾರದ್ದಾ? ಹಾಗಾದ್ರೆ... ಹಾಕಿದ್ದು ಅವಳಲ್ವಾ?"

"ಮೊದಲೇ ಟೈಮ್ ಕೊಟ್ಟಿಟ್ಟಿದ್ಲು."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಕಣ್ಣಿಗೆ ಕಣ್ಣು ಹಚ್ಚಿಲ್ಲ ಮೇಡಂ! ಬುಧವಾರ ಸಂಜೆ ಮೂಗಿನ ಹತ್ರ ಕೈಯಿಟ್ಟು ನೋಡಿದ್ದೆ, ಉಸಿರಿರ್ಲಿಲ್ಲ. ಬೆಳಗಾದ್ರೆ ಶುಭೋದಯ ಅಂತಾಳೆ! ಬೀದಿಯೋರೆಲ್ಲ ಅವಳಿದಾಳೆ ಅಂದ್ರು. ನಾನೂ ನೋಡ್ದೆ ಅಂದ್ಬಿಟ್ಟೆ."

ಮೀಸೆ ಒಂದಕ್ಷರ ಬಿಡದೆ ಬರೆದುಕೊಂಡ. ಉಳಿದದ್ದನ್ನು, ಸರದಿಯಲ್ಲಿದ್ದ ಪೋಸ್ಟ್ ಓದಿದ್ದ ಮೇಡಂ ಹೇಳಿದರು, ಅವನು ಹೌದೆನ್ನುತ್ತ ಹೋದ. ಎಣ್ಣೆಗೆ ಇವನು ಕಲಬೆರಕೆ ಮಾಡಿದ್ದ. ಗಿರಾಕಿಗಳ ಮೈಯಲ್ಲಿ ಗುಳ್ಳೆ ಎದ್ದವು. ಶನಿವಾರ ಎಲ್ಲರಿಗೂ ಹೇಳಿಬಿಡುತ್ತೇನೆ ಎಂದು ಸೋಪಕ್ಕ ಇವನಿಗೇ ಮೊದಲು ತಿಳಿಸಿದಳು. ಅವಳ ಸಭ್ಯತೆಯೇ ಅವಳಿಗೆ ಮುಳುವಾಯಿತು. ಇವನು ಅಲ್ಲೇ ಇದ್ದ ಸೋಪಿನ ಕಬ್ಬಿಣದ ಅಚ್ಚು ಎತ್ತಿ ಹಿಂದಿನಿಂದ ಹೊಡೆದ. ಬಾಯಿ ಮುಚ್ಚಿಸಿದೆ ಅಂದುಕೊಂಡು, ಎಳೆದರೆ ತಾನೇ ಬೀಗ ಬೀಳುವ ಬಾಗಿಲೆಳೆದು ಹೊರಟ.

* * *

ಶನಿವಾರ ಬೆಳಿಗ್ಗೆ ಮೇಡಂ ತಂಗಿಯ ಜೊತೆ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು.

"ಬೇಡ ಅಂದ್ರೆ ಆ ಪೋಸ್ಟ್ ತೆಗೆದುಬಿಡು. ಇನ್ನೂ ಎರಡು ನಿಮಿಷ ಇದೆ."

"ಅಕ್ಕ ಹೇಳ್ಬೇಕು ಅಂತ ಬರೆದಿದ್ದು ಮೇಡಂ. ಅವಳೇ ಹೇಳ್ಲಿ."

ಒಂಬತ್ತಾಯಿತು. ಬ್ಯಾಂಡೇಜು ಸುತ್ತಿದ ಕೈಯ ಫೋಟೋ. "ಹೋದ ತಿಂಗಳ ಸೋಪಿನ ಎಣ್ಣೆ ಕೆಟ್ಟದ್ದಿತ್ತು. ಕೊಟ್ಟವರು ಸೆಂಟಣ್ಣ, ಪರೀಕ್ಷಿಸದೆ ಹಾಕಿದ್ದು ನಾನು. ಯಾರಿಗೆ ಉರಿ, ಗುಳ್ಳೆ ಆಗಿದ್ಯೋ ಅವರೆಲ್ಲ ಕ್ಷಮಿಸಿ. ಸೋಪು ವಾಪಸ್ ತನ್ನಿ."

ನಿಮಿಷದೊಳಗೆ ಒಬ್ಬಾಕೆ ಕೇಳಿದಳು: "ಅಕ್ಕಾ, ಯಾವಾಗ ಬರ್ಲಿ?"

ತಂಗಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕೂಸನ್ನು ಮೇಡಂ ಕೈಗೆ ಕೊಟ್ಟು ಟೈಪು ಮಾಡಿದಳು.

"ನಾನು ತಂಗಿ. ಅಕ್ಕ ಇಲ್ಲ. ನೀವು ಬನ್ನಿ, ಅಂಗಡಿ ತೆಗೆದಿರ್ತೀನಿ."