ಎರಡು ಬೆರಳು ಕಡಿಮೆ

"ಎರಡು ಬೆರಳು ಕಡಿಮಿ ಅದ! ಯಾರು ಕುಡದ್ರು?"

ಪೀಪಾಯಿಯಿಂದ ಅಳತೆ ಕೋಲು ಹೊರಗೆಳೆದು ಗುಡುಗಿದ, ಹೊಸ ಅಬಕಾರಿ ದರೋಗಾ ದಶರಥ. ಗೌರಾಬಾಯಿ ಸೆರಗು ಬಿಗಿದು ಎದುರಿಗೇ ನಿಂತಳು.

"ಗಾಳಿ ಕುಡೀತ್ರಿ."

"ನನ್ನ ಜೋಡಿ ಚಾಷ್ಟಿ ಮಾಡ್ತಿಯೇನಬೇ?"

"ಚಾಷ್ಟಿ ಅಲ್ರಿ. ಕಟ್ಟಿಗಿ ಪೀಪಾಯಿ, ಮ್ಯಾಲೆ ಇಂಥಾ ಬಿಸಲು... ಸ್ವಲ್ಪ ಸ್ವಲ್ಪ ಹಾರಿ ಹೋಗ್ತದ."

ಅದು 1948ರ ಚೈತ್ರ. ಅಫ್ಜಲಪುರದ ಹೊರಗಿದ್ದ ಆ ಭಟ್ಟಿ ಗೌರಾಳ ಅಪ್ಪ ದೌಲತರಾಯನದು. ಬರೀ ಮೊಳಕೆ ಬಾರ್ಲಿಯಿಂದ ವ್ಹಿಸ್ಕಿ ಇಳಿಸಿ, ಪೀಪಾಯಿಯಲ್ಲಿ ಮೂರು ವರ್ಷ ಇಡುತ್ತಿದ್ದರು. ಗಂಟಲು ಸುಡದ ಹಗುರ ಮಾಲು; ಹೈದರಾಬಾದಿನ ಸಾಹೇಬರಿಗೆ ಅದೇ ಬೇಕು. ಇಜೇರಿ ಹಳ್ಳಿಯ ದಶರಥನಿಗೆ ಗೊತ್ತಿದ್ದದ್ದು ಸಿಂದಿಯ ಮಡಕೆ ಮಾತ್ರ. ಪೀಪಾಯಿ ಕಂಡದ್ದೇ ಅಂದು, ಆದರೂ ಠೇಂಕಾರ ನೋಡಿ!

"ಮಾಲು ಕದ್ದು ಮಾರೀರಿ. ನನ್ನ ರಿಪೋರ್ಟ್ ಹೋದ್ರ ನಿಮ್ಮಪ್ಪಗ ಜೇಲು."

ಅಪ್ಪನಿಗೆ ಜೈಲು! ಆದರೆ ಗೌರಾಳ ಬಾಯಿ ಸೋಲಲಿಲ್ಲ.

"ಹಂಗಾದ್ರ ಒಂದು ಪೀಪಾಯಿ ಕಂಠಮಟ ತುಂಬಸ್ರಿ. ನಿಮ್ಮ ಕೈಲೆ ಅರಗಿನ ಮುದ್ರಿ ಹಾಕ್ರಿ. ಮಿರಗದ ಮಳಿ ಕೂಡೋ ತನಕ ನೀವೇ ಕಾಯ್ರಿ. ಕಡಿಮಿ ಆಗಲಿಲ್ಲಂದ್ರ ಅಪ್ಪನ ಜೋಡಿ ನನ್ನೂ ಒಯ್ರಿ!"

ದಶರಥ ಒಪ್ಪಿ, ತುಂಬಿದ ಪೀಪಾಯಿಗೆ ಮುದ್ರೆ ಒತ್ತಿದ. ರಿಪೋರ್ಟ್ ಕಿಸೆಯಲ್ಲೇ ಉಳಿಯಿತು.

ಅಲ್ಲಿಂದ ಗೌರಾಳಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಎಸರಿಟ್ಟು ಮರೆಯುವಳು. ರಸ್ತೆಯಲ್ಲಿ ರಜಾಕಾರರ ಲಾರಿ ಸದ್ದಾದರೂ ಅಪ್ಪನನ್ನು ಒಯ್ಯಲು ಬಂದರೆಂದು ಬೆಚ್ಚುವಳು.

ಉಗ್ರಾಣದ ಕಟ್ಟೆಯ ಮೇಲೆ ದಶರಥ ಬೆವರುತ್ತ ಕೂತಿರುತ್ತಿದ್ದ. ವೈರಿಯಾದರೇನು, ಬಾಯಾರಿದವನಲ್ಲವೇ? ಮಜ್ಜಿಗೆ ಕೊಟ್ಟಳು. ಮರುದಿನವೂ ಕೊಟ್ಟಳು. ಆಮೇಲೆ ಅವನಿಗೆ ಬಾಯಾರಿಕೆ ಇಲ್ಲದಿದ್ದರೂ...

'ಈ ಮನುಷ್ಯಾನ ಮ್ಯಾಲ ನನಗ್ಯಾಕ ಸಿಟ್ಟು ಬರವಲ್ದು?' ಎಂದು ತನ್ನ ಮೇಲೇ ಸಿಟ್ಟಾದಳು.

ಅವನ ಪಾಡೂ ಅಷ್ಟೇ! "ಕಡಿಮಿ ಆಗಿರಲಿ, ದತ್ತ ಮಹಾರಾಜಾ" ಎಂದು ಗಾಣಗಾಪುರದ ದಿಕ್ಕಿಗೆ ಕೈ ಮುಗಿಯುತ್ತಿದ್ದ, ಮುದ್ರೆ ಹಾಕಿದವನೇ!

ಮಿರಗಕ್ಕೆ, ಮೃಗಶಿರಾ ಮಳೆ ಕೂಡಲು, ಒಂದೇ ದಿನ ಉಳಿದಿತ್ತು. ಟಪಾಲಿನ ಚಾಂದಪಾಶಾ ಸುದ್ದಿ ತಂದ.

"ದರೋಗಾ ಸಾಹೇಬ್ರಿಗಿ ಜೇವರ್ಗಿಗಿ ಬದ್ಲಿ ಆಗ್ಯಾದವ್ವಾ. ತಾವೇ ಅರ್ಜಿ ಹಾಕಿದ್ರಂತ."

'ತಾನೇ ಅರ್ಜಿ ಹಾಕ್ಯಾನ? ಓಡಿ ಹೋಗಾಕತ್ತಾನ!' ಗೌರಾ ಉಣ್ಣುವ ತಾಟು ಬಿಟ್ಟೆದ್ದಳು.

ಮರುದಿನ ಮಧ್ಯಾಹ್ನ ಎಲ್ಲರೂ ಉಗ್ರಾಣದಲ್ಲಿ ನಿಂತರು. ಮುದ್ರೆ ಇದ್ದ ಹಾಗೇ ಇತ್ತು. ದಶರಥ ಕೋಲು ಇಳಿಸಿ ಮೇಲೆತ್ತಿದ.

ಒಂದು ಬೆರಳು ಕಡಿಮೆ!

ಅಷ್ಟೇ, ರಿಪೋರ್ಟ್ ಹರಿದು ಚೂರುಮಾಡಿದ. "ಯಜಮಾನ್ರ, ತಪ್ಪಾತ್ರಿ. ಇಲ್ಲಿ ಕಳ್ಳರು ಯಾರೂ ಇಲ್ಲ."

ದೌಲತರಾಯ ಗೋಡೆಗೆ ಆತು ಕುಳಿತು ಅತ್ತುಬಿಟ್ಟ. ಗೌರಾ ಮಾತ್ರ ಹೊರಗೆ ನಡೆದಳು. ದಶರಥ ಹಿಂದೆಯೇ ಬಂದ.

"ಗೆದ್ದಿ ಗೌರಾ. ಮತ್ಯಾಕ ಕಣ್ಣೀರು?"

"ಜೇವರ್ಗಿಗಿ ಹೋಗ್ರಿ ನೀವು! ಅಲ್ಲೂ ಮಜ್ಜಿಗಿ ಸಿಗ್ತದ."

ಅವನ ಮುಖ ಸಣ್ಣದಾಯಿತು.

"ಭಟ್ಟಿ ಕಾಯೋ ದರೋಗಾ ಆ ಮನೀ ಹೆಣ್ಣು ಕೇಳಿದ್ರ ಮಂದಿ ಏನಂತಾರ? ಹೆಣ್ಣಿನ ಆಸಿಗಿ ಸುಳ್ಳು ಅಳತಿ ಬರದಾನ ಅಂತಾರ. ನಿಮ್ಮಪ್ಪನ ಹೆಸರು ಮತ್ತ ಕೆಡ್ತದ. ಮುಂದಿನ ಅಳತಿ ಬ್ಯಾರೆಯವ್ರು ಹಾಕಲಿ ಅಂತ ಬದ್ಲಿ ಕೇಳೀನಿ..."

ಅಯ್ಯೋ, ಇದಕ್ಕಾಗಿಯೇ? ಗೌರಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಈಗ ನಿಮ್ಮಪ್ಪಗ ಕೇಳ್ತೇನಿ" ಎಂದು ಅವನು ತಿರುಗಿದ.

"ನಿಲ್ರಿ! ಅವತ್ತು ಒಂದು ಮಾತು ಕೇಳದ ಕಳ್ಳಿ ಅಂದ್ರಿ. ಇವತ್ತರ ಮೊದಲ ನನಗ ಕೇಳ್ರಿ."

ಊರೆಲ್ಲ ನಡುಗಿಸುವ ದರೋಗಾ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ನನ್ನ... ಲಗ್ನ ಆಗ್ತಿಯೇನು, ಗೌರಾ?"

"ಆಗ್ತೇನ್ರಿ."