ಬೀಗದೊಳಗಿನ ರೊಟ್ಟಿ

1979ರ ಮಾರ್ಚ್ 14, ಬೆಳಿಗ್ಗೆ 8:20. ರಾಯಚೂರು ನಗರದ ಠಾಣೆಗೆ ಬಂದ ದೂರು ಕೇಳಿ ಇನ್ಸ್‌ಪೆಕ್ಟರ್ ಅಲ್ಲಾಉದ್ದೀನ್ ಅವರಿಗೆ ನಗು ತಡೆಯುವುದೇ ಕಷ್ಟವಾಯಿತು. ಕಳುವಾಗಿದ್ದು ಜೋಳದ ರೊಟ್ಟಿ.

ದೂರು ಕೊಟ್ಟವರು ಡಾಕ್ಟರ್ ಹನುಮಂತ್ರಾಯ, ಪಟ್ಟಣದ ಜನರ ಊಟದ ಮೇಲೆ ಸಂಶೋಧನೆ ಮಾಡುವವರು. ಮೊದಲೆಲ್ಲ ಇಂಥ ವಿದ್ವಾಂಸರು ಗಂಜ್ ಮಾರುಕಟ್ಟೆಯಲ್ಲಿ ಕೂತು ಎಷ್ಟು ಚೀಲ ಜೋಳ ಬಂತು, ಎಷ್ಟು ಹೋಯಿತು ಎಂದು ಎಣಿಸಿ ಎದ್ದು ಹೋಗುತ್ತಿದ್ದರು. ಈಗ ಗಾಳಿ ತಿರುಗಿದೆ. ಚೀಲ ಬಿಟ್ಟು ತಟ್ಟೆಗೆ ಬಂದಿದ್ದಾರೆ. ಮನೆಯವರು ತಾವು ಉಣ್ಣುವಂಥದ್ದೇ ಒಂದು ತಟ್ಟೆ ಊಟವನ್ನು ದಿನಾ ಎತ್ತಿಡಬೇಕು, ಇವರು ಅದನ್ನು ಡಬ್ಬಿಗೆ ತುಂಬಿ ಪರೀಕ್ಷೆಗೆ ಕಳಿಸಬೇಕು. ಗಂಜಿನ ಹಿಂದಿನ ಗುಡಿಸಲುಗಳಿಂದ ಹಾಗೆ ತಂದು ಕೋಣೆಯಲ್ಲಿಟ್ಟಿದ್ದ ಡಬ್ಬಿಗಳಲ್ಲಿ ಕೆಲವನ್ನು ಯಾರೋ ರಾತ್ರಿ ಖಾಲಿ ಮಾಡಿದ್ದರು.

“ಯಾರ ಮ್ಯಾಲೆ ಸಂಶಯ?”

“ಬೇರೆ ಸಂಶೋಧಕರೇ ಮಾಡಿಸಿರಬೇಕು. ಈ ವಿಷಯಕ್ಕೆ ಈಗ ಭಾರಿ ಪೈಪೋಟಿ.”

ರಾತ್ರಿ ಒಳನುಗ್ಗಿ ಕದ್ದದ್ದಕ್ಕೆ ಐಪಿಸಿ 457, 380ರ ಅಡಿ ಎಫ್‌ಐಆರ್ ದಾಖಲಾಯಿತು. ರೊಟ್ಟಿ ಕಳ್ಳನಿಗೆ ಇಷ್ಟು ದೊಡ್ಡ ಕಲಮೇ ಎಂದು ಕಾನ್‌ಸ್ಟೆಬಲ್ ಗದ್ದೆಪ್ಪ ಮೀಸೆಯಲ್ಲೇ ನಕ್ಕ.

ಪಂಚನಾಮೆಗೆ ಹೋದಾಗ ಬೀಗ ಹಾಗೇ ನೇತಾಡುತ್ತಿತ್ತು. ಚಿಲಕದ ಕೊಂಡಿಯನ್ನೇ ಮೀಟಿ ಕಿತ್ತಿದ್ದರು. ಒಳಗೆ ಒಂದೊಂದು ಮನೆಗೆ ಒಂದೊಂದು ಸಾಲು ಡಬ್ಬಿ. ಖಾಲಿಯಾಗಿದ್ದು ಒಂದೇ ಸಾಲು. ಗದ್ದೆಪ್ಪ ಬಗ್ಗಿ ನೋಡಿ ಮೂಗು ಮುಚ್ಚಿಕೊಂಡ.

“ಸಾಹೇಬ್ರ, ಏನೋ ಘಾಟು ಹೊಡಿಯಾಕತ್ತದ.”

“ಅದು ಫಾರ್ಮಲಿನ್,” ಎಂದರು ಹನುಮಂತ್ರಾಯರು. “ಊಟ ಕೆಡಬಾರದು ಅಂತ ಹಾಕ್ತೀವಿ. ಹೆಣ ಕೆಡದ ಹಾಗೆ ಇಡೋಕೂ ಅದನ್ನೇ ಹಾಕೋದು.”

ಅಲ್ಲಾಉದ್ದೀನ್ ಅವರ ಮುಖದ ನಗು ಅಲ್ಲಿಗೇ ಸತ್ತಿತು.

“ಅಂದ್ರ ವಿಷ?”

“ಹೌದು.”

“ಠಾಣೆಯೊಳಗ ಇದನ್ನ ಯಾಕ ಹೇಳಲಿಲ್ಲ?”

“ತಿನ್ನೋಕೆ ಅಂತ ಯಾರಾದರೂ ಕದೀತಾರೆ ಅಂತ ನನಗೆ ಹೊಳೀಲೇ ಇಲ್ಲ.”

ಹಸಿವಿಗೆ ರುಚಿಯಿಲ್ಲ ಎಂಬ ಗಾದೆ ಗೊತ್ತಿಲ್ಲದವರು ಊರಲ್ಲಿ ಯಾರಿದ್ದಾರೆ? ಊಟದ ಮೇಲೆ ಓದಿ ಡಾಕ್ಟರಾದವರಿಗೆ ಅದು ಹೊಳೆದಿರಲಿಲ್ಲ.

“ಡಬ್ಬಿ ಮ್ಯಾಲೆ ವಿಷ ಅಂತ ಏನರ ಗುರುತು?”

“ಹಾಕಿರಲಿಲ್ಲ.”

“ಈ ಸಾಲು ಯಾರ ಮನಿದು?”

“ಹಮಾಲಿ ವೆಂಕೋಬನದು. ತಾಯಿ ಗೋಪಮ್ಮ, ಹೆಂಡತಿ ದುರುಗಮ್ಮ, ಒಂದು ಕೂಸು. ಚೆನ್ನಾಗಿ ಉಣ್ಣೋ ಮನೆ. ದಿನಾ ತಪ್ಪದೆ ಎರಡು ರೊಟ್ಟಿ, ಪುಂಡಿಪಲ್ಲೆ ಕೊಡ್ತಿದ್ದರು.”

ಅದೊಂದೇ ಸಾಲಿಗೆ ಕೈ ಹಾಕಿದವರು ಆ ಮನೆಯವರೇ ಇರಬೇಕು. ಈಗ ಕಳ್ಳ ಸಿಗುವುದಕ್ಕಿಂತ ರೊಟ್ಟಿ ಸಿಗುವುದು ಮುಖ್ಯವಾಗಿತ್ತು. ಮೂವರೂ ಓಡುತ್ತಲೇ ಗುಡಿಸಲಿಗೆ ಬಂದರು. ಬಾಗಿಲು ಮುಚ್ಚಿತ್ತು. ಪಕ್ಕದ ಮನೆಯ ಖಾಸಿಂ ಬೀ ಕಾಳು ಹಸನು ಮಾಡುತ್ತ ಕೂತಿದ್ದಳು.

“ಇವರು ಎಲ್ಲಿ ಹೋದ್ರು?”

“ಮೊದಲ ಬಸ್ಸಿಗೇ ಹೋದ್ರು ಸಾಬ್. ಅವರ ಊರು ದೇವದುರ್ಗದ ಕಡಿ, ಗೋಪಮ್ಮನ ತವರು ನೀರಮಾನ್ವಿ. ಎಲ್ಲಿಗಂತ ಹೇಳಲಿಲ್ಲ.”

“ಏನರ ಜಗಳ?”

ಖಾಸಿಂ ಬೀ ಮೊರ ಕೆಳಗಿಟ್ಟಳು.

“ಜಗಳ ಇಲ್ಲ ಸಾಬ್. ನಿನ್ನಿ ದುರುಗಮ್ಮ ನಳದ ಹತ್ರ ಬಿದ್ಲು. ಹಾಲುಣಿಸೋ ಹೆಂಗಸು. ಉಂಡಿಲ್ಲೇನು ಅಂತ ಕೇಳಿದ್ರ ಅತ್ಲು. ಈ ಸಾಬ್‌ಗೆ ಕೊಡೋ ತಟ್ಟಿ ಆಕಿದೇ ಆಗಿತ್ತು. ಮನ್ಯಾಗ ಇದ್ದ ಹಿಟ್ಟು ಅಷ್ಟ. ಗಂಡ, ಅತ್ತಿ ಉಂಡ ಮ್ಯಾಲೆ ಉಳಿದದ್ದು ಆಕಿ ಪಾಲು. ಅದನ್ನ ಎತ್ತಿ ಕೊಟ್ಟು, ನೀರು ಕುಡಿದು ಮಲಗತಿದ್ಲು. ರೇಷನ್ ಕಾರ್ಡ್ ಆಗ್ತದ ಅಂತ ಆಸೆ.”

ಅಲ್ಲಾಉದ್ದೀನ್ ತಿರುಗಿ ನೋಡಿದರು. “ಕಾರ್ಡ್ ಕೊಡಸ್ತೀನಿ ಅಂದಿದ್ರೇನು?”

“ವರದಿ ಸರಕಾರಕ್ಕೆ ಹೋಗುತ್ತೆ, ಆಗಬಹುದು ಅಂದಿದ್ದೆ.” ಹನುಮಂತ್ರಾಯರು ಅಲ್ಲೇ ಕಟ್ಟೆಯ ಮೇಲೆ ಕೂತರು. “ಆ ಮನೆಯ ಹೆಂಗಸರಿಗೆ ಊಟ ಸಾಕಷ್ಟಿದೆ ಅಂತ ಬರೆದುಬಿಟ್ಟಿದ್ದೀನಿ.”

ಗದ್ದೆಪ್ಪನಂಥ ಗದ್ದೆಪ್ಪನೇ ಟೋಪಿ ತೆಗೆದು ಬೆವರು ಒರೆಸಿಕೊಂಡ.

9:50ಕ್ಕೆ ದೇವದುರ್ಗ, ಮಾನ್ವಿ ಠಾಣೆಗಳಿಗೆ ವೈರ್‌ಲೆಸ್ ಸುದ್ದಿ ಹೋಯಿತು. ಗದ್ದೆಪ್ಪ ದೇವದುರ್ಗದ ಬಸ್ಸು ಹತ್ತಿದ. ಅಲ್ಲಾಉದ್ದೀನ್ ಹನುಮಂತ್ರಾಯರನ್ನು ಕೂರಿಸಿಕೊಂಡು ಮಾನ್ವಿಯ ಕಡೆ ಜೀಪು ಬಿಟ್ಟರು. ಕಲ್ಲೂರು ದಾಟುವವರೆಗೂ ಅಲ್ಲಾಉದ್ದೀನ್ ಒಂದೇ ಮಾತು ಕೇಳುತ್ತಿದ್ದರು: ಆ ಹೆಣ್ಣುಮಗಳು ಉಂಡಿದ್ದರೆ ಬದುಕುತ್ತಾಳೋ ಇಲ್ಲವೋ. ಹನುಮಂತ್ರಾಯರು ಡಬ್ಬಿಗೆ ಎಷ್ಟು ಫಾರ್ಮಲಿನ್ ಹಾಕಿದ್ದೆವೆಂದು ಬೆರಳಲ್ಲಿ ಲೆಕ್ಕ ಹಾಕುತ್ತಿದ್ದರು.

ಮಾನ್ವಿಯ ತಪಾಸಣೆ ನಾಕಾದಲ್ಲೇ ಪೇದೆಯೊಬ್ಬ ಕೈ ಅಡ್ಡ ಹಿಡಿದ. ನೀರಮಾನ್ವಿಯಿಂದ ಬಂಡಿಯಲ್ಲಿ ಒಬ್ಬರನ್ನು ಆಸ್ಪತ್ರೆಗೆ ತಂದಿದ್ದಾರೆ ಎಂದ.

ಅಲ್ಲಾಉದ್ದೀನ್ ವಾರ್ಡಿನೊಳಗೆ ಹೆಂಗಸಿನ ಮಂಚ ಹುಡುಕಿದರು. ದುರುಗಮ್ಮ ಮಂಚದ ಮೇಲಿರಲಿಲ್ಲ. ಕೂಸನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಮಂಚದ ಮೇಲಿದ್ದವನು ವೆಂಕೋಬ. ಅವನ ಮುಖದ ಮೇಲೆ ಬಟ್ಟೆ ಎಳೆದು ಆಗಲೇ ಹತ್ತು ನಿಮಿಷವಾಗಿತ್ತು.

ಗೋಡೆಗೊರಗಿ ನಿಂತಿದ್ದ ಮುದುಕಿ ತಾನಾಗಿಯೇ ಮುಂದೆ ಬಂದಳು.

“ಕೊಂಡಿ ನಾನs ಕಿತ್ತೀನ್ರಿ ಯಪ್ಪಾ. ಕಬ್ಬಿಣದ ಹಾರಿ ಹಾಕಿ ಮೀಟಿದೆ.”

“ಯಾಕ ಕದ್ದಿ?”

“ಕಳವು ಅಲ್ಲರಿ, ನನ್ನ ಸೊಸಿ ಪಾಲು ಅದು. ದಿನಾ ಆಕಿ ಕೈಲಿ ನೀಡಿಸಿಕೊಂಡು ಹೊಟ್ಟಿ ತುಂಬ ಉಂಡೀನಿ. ನೀ ಉಂಡ್ಯಾ ಅಂತ ಒಂದು ದಿನ ಕೇಳಲಿಲ್ಲ.”

“ಡಾಕ್ಟರ್ ಸಾಹೇಬ್ರನ್ನ ಕೇಳಿದ್ರ ಅವರs ಏನರ ಕೊಡ್ತಿದ್ರಲ್ಲ?”

“ಕೇಳಿದ್ರ ಕಾರ್ಡ್ ಹೋಗತಿತ್ತು.”

“ಘಾಟು ಬರಲಿಲ್ಲೇನು?”

“ಬಂತರಿ. ಡಬ್ಬಿ ವಾಸನಿ ಅಂದ್ಕೊಂಡೆ. ಅಲ್ಲಿ ಇದ್ರ ಸಿಕ್ಕಿಬೀಳ್ತೀವಂತ ತವರಿಗೆ ತಂದು, ತೊಳದು ಹಂಚಿನ ಮ್ಯಾಲೆ ಬಿಸಿ ಮಾಡಿ ಸೊಸಿ ಮುಂದ ಇಟ್ಟೆ. ನೀರು ತರಾಕ ಹೋಗಿ ಬರೋದ್ರಾಗ ಹಿಂಗಾತು.”

ಅಲ್ಲಾಉದ್ದೀನ್ ದುರುಗಮ್ಮನ ಮುಂದೆ ಮೊಣಕಾಲೂರಿ ಕೂತರು. ಹೇಳಿಕೆ ತೆಗೆದುಕೊಳ್ಳುವ ಧ್ವನಿಯೇ ಅದಲ್ಲ.

“ತಾಯಿ, ನಿನಗಂತ ತಂದ ರೊಟ್ಟಿ ಅವನು ಹೆಂಗ ಉಂಡ?”

“ನಾನs ನೀಡಿದೆರಿ. ಗಂಡಸು ಉಣ್ಣದ ನಾ ಹೆಂಗ ಉಣ್ಣಲಿ?”

ಬಾಗಿಲಲ್ಲೇ ನಿಂತಿದ್ದ ಹನುಮಂತ್ರಾಯರ ಮೇಲೆ ಅಜಾಗರೂಕತೆಯ ಪ್ರಕರಣ ಆ ದಿನವೇ ದಾಖಲಾಯಿತು.

ಮಧ್ಯಾಹ್ನ 3:15ಕ್ಕೆ ಗೋಪಮ್ಮನನ್ನು ದಸ್ತಗಿರಿ ಮಾಡಲಾಯಿತು. ಕಳವಿನ ಕಾರಣ ಬರೆಯುವಲ್ಲಿ ಅಲ್ಲಾಉದ್ದೀನ್ ‘ಸೊಸೆಯ ಹಸಿವು’ ಎಂದಷ್ಟೇ ಬರೆದರು. ಆಸ್ಪತ್ರೆಯ ಆಯಾ ದುರುಗಮ್ಮನಿಗೆಂದು ಕೊಟ್ಟ ಬ್ರೆಡ್ಡು ಮುಟ್ಟದೆ ಹಾಗೇ ಇತ್ತು. ಜೀಪಿನವರೆಗೆ ಬಂದ ಗೋಪಮ್ಮ ತಿರುಗಿ ಒಳಗೆ ಹೋದಳು. ತಡೆಯಲು ಹೊರಟ ಪೇದೆಗೆ ಅಲ್ಲಾಉದ್ದೀನ್ ಬೇಡವೆಂದು ಕೈ ಮಾಡಿದರು. ಮಗನ ಹೆಣದ ಪಕ್ಕದಲ್ಲೇ ಕೂತು ಅವಳು ಬ್ರೆಡ್ಡು ಮುರಿದು ಸೊಸೆಯ ಬಾಯಿಗಿಟ್ಟಳು.

“ಕೂಸಿಗೆ ಹಾಲು ಬೇಕವ್ವಾ. ನುಂಗು. ನಾ ನೋಡತೀನಿ.”

ಒಂದೊಂದು ತುತ್ತೂ ಗಂಟಲಿಳಿಯುವವರೆಗೆ ಅವಳು ಏಳಲಿಲ್ಲ. ಜೀಪು ಹೊರಡುವುದು ತಡವಾಯಿತು.