ಎಂಬತ್ತರ ಮೂತಿಯ ಅಂಬಾಸಿಡರ್

"ಇದು ಹಳೇ ಕಾರಲ್ಲ ಕಣ್ರಿ... ಕಲಬೆರಕೆ!"

ಐಮಂಗಲದ ಆ ಅಂಗಳಕ್ಕೆ ಕಾಲಿಟ್ಟವನ ಮೊದಲ ಮಾತೇ ಇದು. ದೇವಿಕಾಳ ಮೈಯೆಲ್ಲ ಉರಿದುಹೋಯಿತು.

ಆರೋಗ್ಯ ಕೇಂದ್ರದ ನರ್ಸ್ ಅವಳು. ತೀರಿಕೊಂಡ ಅಪ್ಪ ಬೋರಣ್ಣ ಬಾಡಿಗೆಗೆ ಓಡಿಸುತ್ತಿದ್ದ ಅಂಬಾಸಿಡರ್ ಅದು. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಕಾರೆಂದು ಸಾಬೀತಾದರೆ ಪಾರಂಪರಿಕ ವಾಹನವಾಗಿ ಉಳಿಯುತ್ತದೆ. ಇಲ್ಲವಾದರೆ ಗುಜರಿ! ಅದನ್ನು ನೋಡಿ ಹೇಳಲು ಚಿತ್ರದುರ್ಗದ ಸಾರಿಗೆ ಕಚೇರಿಯಿಂದ ಬಂದವನೇ ಈ ಜುಂಜೇಶ್.

"ಅರವತ್ನಾಲ್ಕರ ಗಾಡಿ ಇದು! ನಮ್ಮಪ್ಪ ಸುಳ್ಳು ಹೇಳೋನಲ್ಲ."

"ಮೈ ಅರವತ್ತರ ದಶಕದ್ದೇ. ಮೂತಿ ಎಂಬತ್ತರದ್ದು. ಅವಾಗಿನ ಗಾಡಿ ಮುಂದಿನ ಜಾಲರಿ ತುಂಬ ಸಣ್ಣ ಸಣ್ಣ ಚೌಕ ಇರ್ತಿದ್ವು, ಚದುರಂಗದ ಹಾಸಿನಂಗೆ. ಇದರಾಗೆ ಎಲ್ಲೈತೆ?"

"ಕುರಿ ಹಲ್ಲು ನೋಡಿ ವಯಸ್ಸು ಹೇಳ್ದಂಗೆ ಹೇಳ್ತೀರಲ್ಲ!"

"ಇಲ್ಲೇ ಪಕ್ಕದ ಹಟ್ಟಿಯಾಗೆ, ಕುರಿ ಕಾಯೋರ ಮನೇಲೇ ಹುಟ್ಟಿದ್ದು ನಾನು. ಹಲ್ಲು ಕಟ್ಟಿಸ್ಕಂಡ ಕುರಿ ಮಾತ್ರ ಇವತ್ತೇ ನೋಡಿದ್ದು!"

ಅಷ್ಟು ಹೇಳಿ ಹೋದವನು ಮುಂದಿನ ಭಾನುವಾರ ಮತ್ತೆ ಬಂದ. ಬಾಗಿಲ ಹಿಡಿಕೆ ನೋಡಬೇಕಂತೆ. ಆಮೇಲಿನ ವಾರ ಹಿಂದಿನ ದೀಪವಂತೆ! ಬಂದಾಗೆಲ್ಲ ಜಗಳ, ಜಗಳದ ನಡುವೆ ಚಹಾ. 'ಪೀಡೆ ತೊಲಗಿದರೆ ಸಾಕು' ಎಂದುಕೊಳ್ಳುತ್ತಲೇ ದೇವಿಕಾ ಅವನ ಲೋಟ ತೊಳೆದಿಡುತ್ತಿದ್ದಳು... ಥೂ, ಈ ಮನಸ್ಸಿಗೆ ನಾಚಿಕೆಯೇ ಇಲ್ಲ!

ಕೊನೆಗೊಂದು ದಿನ ಅವನು ಹಳೆಯ ಜಾಲರಿಯೊಂದನ್ನು ಹೊತ್ತು ತಂದ. ಹೊಸದುರ್ಗದ ಗುಜರಿಯಲ್ಲಿ ಸಿಕ್ಕಿದ್ದು.

"ಇದನ್ನ ಕೂರಿಸಾಣ ದೇವಿಕಾ ಅವ್ರೇ. ಗಾಡಿ ಪಾಸಾಗ್ತೈತೆ!"

"ಬೇಡ."

"ಬೇಡ್ವಾ? ಇದಕ್ಕೋಸ್ಕರ ಊರೂರು ಅಲೆದೀನಿ ಕಣ್ರಿ!"

"ಹಳೇ ಮೂತಿ ಒಡೆದೋರು ಯಾರು ಗೊತ್ತಾ? ನಿಮ್ಮ ಹಟ್ಟಿಯೋರು! ಒಬ್ಬ ಬಾಣಂತಿನ ಊರಾಚೆ ಗುಡ್ಲಿಗೆ ಬಿಡದೆ ಅಪ್ಪ ಸೀದಾ ಮನೆ ಬಾಗಿಲಿಗೆ ಇಳಿಸಿದ. ಅದಕ್ಕೇ ಸೂತಕ ಅಂತ ಕಲ್ಲು ಹೊಡೆದ್ರು. ಆಮೇಲೆ ಹಾಕಿಸಿದ್ದೇ ಈ ಮೂತಿ. ಆ ಗುರುತು ಅಳಿಸಿ ಗಾಡಿ ಉಳಿಸ್ಕಳ್ಳಲಾ?"

"ಅದು ಹಳೇ ಕಾಲದ ಮಾತು..."

"ಹಳೇ ಕಾಲ?! ನಿಮ್ಮಕ್ಕ ಸಹನಾ ಈಗೆಲ್ಲವ್ರೆ? ಅದೇ ಗುಡ್ಲಲ್ಲಿ! ದಿನಾ ಹೋಗಿ ನೋಡ್ತಿರೋಳು ನಾನು. ದೀಪ ನೋಡಿ ವರ್ಷ ಹೇಳ್ತೀರಲ್ಲ, ನಿಮ್ಮಕ್ಕನ ಕೂಸು ಹುಟ್ಟಿ ಎಷ್ಟು ದಿನ ಆತು, ಹೇಳ್ರಿ!"

ಜುಂಜೇಶ್ ಕೈಲಿದ್ದ ಜಾಲರಿಯನ್ನು ಕೆಳಗಿಳಿಸಿದ. ಅವನಿಗೆ ಗೊತ್ತಿರಲಿಲ್ಲ. ಒಮ್ಮೆಯೂ ಹೋಗಿ ನೋಡಿರಲಿಲ್ಲ. ಪಟ್ಟಣ ಸೇರಿ ಇಸ್ತ್ರಿ ಅಂಗಿ ತೊಟ್ಟವನ ಮೌನವೂ ಆ ಗುಡಿಸಲಿಗೆ ಒಂದು ಕಂಬವೇ ಅಲ್ಲವೇ?

ಜಾಲರಿಯನ್ನು ಅಲ್ಲೇ ಬಿಟ್ಟು ಹೊರಟುಹೋದ.

'ಹೋಗಲಿ ಬಿಡು! ಇನ್ನು ಬರುವುದಿಲ್ಲ...' ಹಾಗೆಂದುಕೊಂಡವಳ ಕಣ್ಣೇಕೆ ಒದ್ದೆಯಾಯಿತೋ!

ಮರುದಿನ ಬೆಳಿಗ್ಗೆ ಅವನು ಗೇಟಿನ ಬಳಿ ನಿಂತಿದ್ದ. ರಾತ್ರಿಯೆಲ್ಲ ಗುಡಿಸಲ ಬಳಿ ನಿದ್ದೆಗೆಟ್ಟು ಕಣ್ಣು ಕೆಂಡವಾಗಿತ್ತು.

"ಹೆಣ್ಣು ಕೂಸು... ಹನ್ನೊಂದು ದಿನ. ಚಳಿಗೆ ಕೆಮ್ತೈತೆ. ಗಾಡಿ ತೆಗೀರಿ, ಹೋಗಾಣ."

ಸಹನಾಳನ್ನೂ ಕೂಸನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಾರು ಹಟ್ಟಿಯೊಳಕ್ಕೆ ನುಗ್ಗಿತು. ಜುಂಜೇಶನ ದೊಡ್ಡಪ್ಪ ಚಿತ್ತಯ್ಯ ಕಲ್ಲು ಹಿಡಿದು ಅಡ್ಡ ನಿಂತ.

"ಲೇ ಜುಂಜಾ! ಸೂತಕ ಒಳಗೆ ತರ್ತೀಯೇನಲೇ?"

ಜುಂಜೇಶ್ ಇಳಿದು ಬಾನೆಟ್ಟಿಗೆ ಬೆನ್ನು ಕೊಟ್ಟು ನಿಂತ. "ಹೊಡಿ ದೊಡ್ಡಪ್ಪ. ಈ ಸಲ ಗಾಡಿ ಮೂತಿ ಬೇಡ, ನಂದು ಒಡಿ."

ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಅಷ್ಟರಲ್ಲಿ ಜುಂಜೇಶನ ತಾಯಿ ಕಾಟಮ್ಮ ಓಡಿಬಂದು, ಕಾರಿನ ಬಾಗಿಲು ತೆಗೆದು ಮೊಮ್ಮಗಳನ್ನು ಎದೆಗವಚಿಕೊಂಡಳು.

"ನಾನೂ ಮುಟ್ಟೀನಿ! ನನ್ನೂ ಆಚೆಗೆ ಹಾಕ್ರೋ, ನೋಡಾಣ!"

ಚಿತ್ತಯ್ಯ ಪಕ್ಕಕ್ಕೆ ಸರಿದ. ಸಹನಾ ಕೆಳಗಿಳಿದು, ತಾಯಿಯ ಹಿಂದೆಯೇ ಹೊಸ್ತಿಲು ದಾಟಿದಳು.

ಹಿಂತಿರುಗುವಾಗ ದೇವಿಕಾ ಹೆದ್ದಾರಿಯ ಬದಿಗೆ ಕಾರು ನಿಲ್ಲಿಸಿದಳು.

"ಹಂಗಾದ್ರೆ... ಗಾಡಿ ಗುಜರಿಗೇನಾ?"

"ಸುಳ್ಳು ಹೇಳಿ ಪಾಸು ಮಾಡಲ್ಲ. ಇನ್ಮೇಲೆ ರಸ್ತೇಲಿ ಓಡಿಸಂಗಿಲ್ಲ, ಅಷ್ಟೇ. ಮನೆ ಮುಂದೆ ನಿಲ್ಲಿಸ್ಕಂಡ್ರೆ ಯಾರು ಕೇಳ್ತಾರೆ?"

"ಯಾರ ಮನೆ ಮುಂದೆ?"

ಅವನು ತಡವರಿಸಿದ. "ನೀವಿರೋ ಮನೆ... ಅಲ್ಲೇ ನಾನೂ ಇರಬೋದಾ?"

"ದಿನಾ ಜಗಳ ಆಡ್ತೀನಿ. ಗೊತ್ತೈತಲ್ಲ?"

"ಅದಕ್ಕೇ ಕೇಳಿದ್ದು ಕಣ್ರಿ..."

ಸ್ಟೇರಿಂಗ್ ಮೇಲಿದ್ದ ಕೈ ತೆಗೆದು ಅವಳು ಅವನ ಕೈ ಹಿಡಿದಳು.